ಹೆಪಟೈಟಿಸ್ ‘ಬಿ’ ಮತ್ತು ನಮ್ಮ ಹೋಟೆಲು ನೌಕರರು

ಸಯನ್‌ನಲ್ಲಿರುವ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆಯನ್ನು ಅದರ ಪೂರ್ಣ ನಾಮಧೇಯದಿಂದ ಕರೆಯುವವರು ವಿರಳ. ನಮ್ಮವರಿಗೆ ಅದು ಬರಿಯ ‘ಸಯನ್ ಆಸ್ಪತ್ರೆ’. 1947ರಲ್ಲಿ ಸ್ಥಾಪಿತವಾಗಿ, 1964ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನೂ ಜತೆಗೂಡಿಸಿಕೊಂಡ ಈ ಸಂಸ್ಥೆಯು, ಮಾಟುಂಗದಿಂದ ಕುರ್ಲಾದವರೆಗೆ ಹಬ್ಬಿರುವ ಹೋಟೆಲುಗಳ ಅಡಿಗೆಯವರಿಗೂ ಮಾಣಿಗಳಿಗೂ, ಪೇಟೆಯ ಕಚೇರಿಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೂ ಕಷ್ಟಕಾಲದ ಆಸರೆಯಾಗಿ ಬಂದಿದೆ. ಅದರ ಹೊರರೋಗಿ ವಿಭಾಗದ ಸಾಲಿನಲ್ಲಿ ಕೇಸ್ ಪೇಪರ್ ಹಿಡಿದು ನಿಂತವರ ನಡುವೆ ಕನ್ನಡದ, ತುಳುವಿನ ಮಾತು ಕಿವಿಗೆ ಬೀಳುವುದು ಹೊಸತೇನೂ ಅಲ್ಲ.

ಹಾಗೆ ಬಂದವರಲ್ಲಿ ಕೆಲವರ ಕೈಗೆ ಒಂದು ದಿನ ರಕ್ತಪರೀಕ್ಷೆಯ ಚೀಟಿಯೊಂದು ಬರುತ್ತದೆ. ಅದರಲ್ಲಿ ‘ಎಚ್.ಬಿ.ಎಸ್.ಎ.ಜಿ. ರಿಯಾಕ್ಟಿವ್’ ಎಂದು ಬರೆದಿರುತ್ತದೆ. ಹೊಟ್ಟೆಯ ಉಬ್ಬರಕ್ಕೋ ಅಜೀರ್ಣಕ್ಕೋ ಔಷಧ ಕೇಳಲು ಹೋದವರಿಗೆ ಇದು ಸಿಗಬಹುದು. ಸಂಘದ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟು ಬಂದ ಮೇಲೆ ರಕ್ತನಿಧಿಯಿಂದ ಕರೆ ಬರಬಹುದು. ಕೊಲ್ಲಿ ರಾಷ್ಟ್ರದ ನೌಕರಿಗೆಂದು ವೈದ್ಯ ಪರೀಕ್ಷೆಗೆ ನಿಂತಾಗ ‘ಅನರ್ಹ’ ಎಂಬ ಮುದ್ರೆಯ ಜತೆಗೇ ಈ ಸುದ್ದಿಯೂ ತಿಳಿಯಬಹುದು. ನಮ್ಮ ಕರಾವಳಿಯ ಎಷ್ಟೋ ತರುಣರು ತಮ್ಮ ರಕ್ತದ ಈ ಗುಟ್ಟನ್ನು ಅರಿತದ್ದು ಈ ಮೂರನೆಯ ದಾರಿಯಿಂದ.

ಮುಂದೆ ಆಗುವುದೇನು? ಬಹುಮಟ್ಟಿಗೆ ಎರಡರಲ್ಲೊಂದು. ಸುದ್ದಿ ಹೊರಬಿದ್ದರೆ, ಒಂದೇ ಖೋಲಿಯಲ್ಲಿ ಮಲಗುವ ಜತೆಗಾರರು ಅವನ ಲೋಟವನ್ನು ಬೇರೆಯಿಡುತ್ತಾರೆ. ‘ಅಡಿಗೆಮನೆಯಲ್ಲಿ ಇಂಥವನನ್ನು ಇಟ್ಟುಕೊಳ್ಳಬಹುದೇ’ ಎಂದು ಮಾಲಕರ ಕಿವಿಯಲ್ಲಿ ಪಿಸುಗುಟ್ಟುವವರು ಹುಟ್ಟಿಕೊಳ್ಳುತ್ತಾರೆ. ಸ್ವಲ್ಪ ದಿನ ಊರಿಗೆ ಹೋಗಿ ಬಾ ಎಂಬ ಮೃದುವಾದ ಮಾತಿನಲ್ಲಿ ಅವನ ಕೆಲಸ ಹೋಗುತ್ತದೆ. ಸುದ್ದಿ ಹೊರಬೀಳದಿದ್ದರೆ, ಅದೇ ಭಯದಿಂದ ಅವನು ಚೀಟಿಯನ್ನು ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟು, ಹತ್ತು ವರ್ಷ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಮೊದಲನೆಯದು ಅನ್ಯಾಯ, ಎರಡನೆಯದು ಅಪಾಯ. ಎರಡಕ್ಕೂ ಮೂಲವಾದುದು ಒಂದೇ ತಪ್ಪು ತಿಳುವಳಿಕೆ. ಕಾಮಾಲೆಯೆಂದರೆ ಎಲ್ಲ ಒಂದೇ ಬಗೆ, ಅದು ಅನ್ನನೀರಿನಿಂದ ಹರಡುವುದು ಎಂಬ ನಂಬಿಕೆಯೇ ಅದು.

ಕಣ್ಣು, ಮೈ ಹಳದಿಗಟ್ಟುವ ಕಾಮಾಲೆಯು ಒಂದು ಲಕ್ಷಣವೇ ಹೊರತು ತಾನೇ ಒಂದು ರೋಗವಲ್ಲ. ಯಕೃತ್ತನ್ನು ಬಾಧಿಸುವ ವಿಷಾಣುಗಳಿಗೆ ವೈದ್ಯರು ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳನ್ನು ಕೊಟ್ಟಿದ್ದಾರೆ. ಇವುಗಳಲ್ಲಿ ಮಲಿನವಾದ ನೀರು, ಆಹಾರಗಳಿಂದ ಹರಡುವವು ‘ಎ’ ಮತ್ತು ‘ಇ’. ಹೋಟೆಲಿನವರು ನೀರಿನ ಟಾಂಕಿಯನ್ನು ಶುಚಿಯಾಗಿಡಬೇಕಾದುದೂ, ಕೈ ತೊಳೆಯದವನನ್ನು ಚಟ್ನಿಯ ಪಾತ್ರೆಯ ಬಳಿಗೆ ಬಿಡಬಾರದಾದುದೂ ಇವುಗಳ ನಿಮಿತ್ತ. ‘ಬಿ’ಯ ದಾರಿಯೇ ಬೇರೆ. ಅದು ರಕ್ತದ ಮೂಲಕ, ದೇಹಸಂಪರ್ಕದ ಮೂಲಕ, ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಶುದ್ಧಗೊಳಿಸದ ಸೂಜಿ, ಒಬ್ಬರಿಂದೊಬ್ಬರಿಗೆ ಹೋಗುವ ಕ್ಷೌರದ ಬ್ಲೇಡು, ಜಾತ್ರೆಯಲ್ಲಿ ಹಚ್ಚೆ ಹಾಕುವವನ ಉಪಕರಣ, ಸರಿಯಾಗಿ ಕುದಿಸದ ಹಲ್ಲಿನ ಚಿಮುಟಗಳೆಲ್ಲ ಅದರ ವಾಹನಗಳು. ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಈ ವಿಷಾಣು ಕನಿಷ್ಠ 7 ದಿನ ಜೀವ ಹಿಡಿದಿರಬಲ್ಲುದು.

ಹೀಗಿರುವಾಗ, ಒಂದು ಪಂಕ್ತಿಯಲ್ಲಿ ಉಣ್ಣುವುದರಿಂದ, ಒಂದೇ ಲೋಟದಲ್ಲಿ ಚಹಾ ಕುಡಿಯುವುದರಿಂದ, ಕೆಮ್ಮು ಸೀನುಗಳಿಂದ, ಕೈ ಕುಲುಕುವುದರಿಂದ ಇದು ಹರಡದು. ದೋಸೆ ಹುಯ್ಯುವವನಿಗೆ ಹೆಪಟೈಟಿಸ್ ‘ಬಿ’ ಇದ್ದರೆ ದೋಸೆ ತಿಂದವನಿಗೆ ಅದು ಬಾರದು. ಆಹಾರ ಸಂಬಂಧವಾದ ಕಾನೂನಿನಂತೆ ಅಡಿಗೆಯವರಿಗೂ ಬಡಿಸುವವರಿಗೂ ವರುಷಕ್ಕೊಮ್ಮೆ ವೈದ್ಯ ಪರೀಕ್ಷೆ ಆಗಬೇಕೆಂಬುದು ನಿಜ, ಯೋಗ್ಯವೂ ಹೌದು. ಅದರ ಉದ್ದೇಶ ಆಹಾರದ ಮೂಲಕ ಗಿರಾಕಿಗೆ ತಗಲಬಹುದಾದ ರೋಗಗಳನ್ನು ತಡೆಯುವುದು. ಟೈಫಾಯ್ಡಿನಂಥ ಕರುಳಿನ ಬೇನೆಗಳಿಗೆ ಲಸಿಕೆ ಹಾಕಿಸಬೇಕೆಂಬ ನಿಯಮವೂ ಅಲ್ಲಿದೆ. ‘ಬಿ’ಯು ಆ ಗುಂಪಿಗೆ ಸೇರಿದ್ದಲ್ಲ. ಅದೊಂದನ್ನೇ ಮುಂದೆ ಮಾಡಿ ಒಬ್ಬ ನೌಕರನ ಅನ್ನ ಕೀಳುವ ಮಾಲಕರಿಗೆ ವೈದ್ಯಶಾಸ್ತ್ರದ ಬೆಂಬಲವಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಅಡಿಗೆಮನೆಯಲ್ಲಿ ಪಾಲಿಸಬೇಕಾದ ಎಚ್ಚರಿಕೆಗಳು ಇದ್ದೇ ಇವೆ, ಆದರೆ ಅವು ಎಲ್ಲರಿಗೂ ಸಮಾನ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಕೂಡಲೆ ತೊಳೆದು ನೀರು ತಾಗದಂತೆ ಪಟ್ಟಿ ಕಟ್ಟಬೇಕು. ರಕ್ತ ಬಿದ್ದ ಆಹಾರವನ್ನು ಚೆಲ್ಲಬೇಕು. ಹಲಗೆ ಮತ್ತು ಚೂರಿಯನ್ನು ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಒರೆಸಿ, ಬಳಿಕ ಚೆನ್ನಾಗಿ ತೊಳೆಯಬೇಕು. ನಿಜವಾದ ಅಪಾಯ ಅಡಿಗೆಮನೆಗಿಂತ ಮೇಲಿನ ಮಾಳಿಗೆಯಲ್ಲಿದೆ. ಎಂಟು ಹತ್ತು ಮಂದಿ ಮಲಗುವ ಖೋಲಿಯಲ್ಲಿ ಒಂದೇ ರೇಜರು ಕೈಯಿಂದ ಕೈಗೆ ಹೋಗುವುದನ್ನು ಕಂಡವರಿದ್ದಾರೆ. ಲೋಟ ಬೇರೆ ಮಾಡುವುದಕ್ಕೆ ತೋರುವ ಉತ್ಸಾಹವನ್ನು ಬ್ಲೇಡು ಬೇರೆ ಮಾಡುವುದಕ್ಕೆ ತೋರಿದ್ದರೆ ಎಷ್ಟೋ ಮಂದಿಗೆ ಉಪಕಾರವಾಗುತ್ತಿತ್ತು.

ಇದು ಬಡವರ ರೋಗ, ನಡತೆಗೆಟ್ಟವರ ರೋಗ ಎಂಬ ಅಪವಾದಕ್ಕೆ ಉತ್ತರ ಕೊಡಲು ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಸಂಗವಿದೆ. 1982ನೆಯ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯವನ್ನು ತೆಗೆಯುತ್ತಿದ್ದಾಗ ನಟ ಅಮಿತಾಭ್ ಬಚ್ಚನ್ ಅವರ ಹೊಟ್ಟೆಗೆ ಬಲವಾದ ಪೆಟ್ಟು ಬಿತ್ತು. ಬೆಂಗಳೂರಿನಿಂದ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಗೆ ತಂದು, ಸಾವಿನ ಬಾಗಿಲಿನಿಂದ ಅವರನ್ನು ಹಿಂದಕ್ಕೆ ಕರೆತಂದ ಕಥೆ ಎಲ್ಲರಿಗೂ ಗೊತ್ತು. ಆಗ ಸುಮಾರು 200 ದಾನಿಗಳಿಂದ 60 ಬಾಟಲಿಯಷ್ಟು ರಕ್ತವನ್ನು ತಮಗೆ ಕೊಡಲಾಯಿತೆಂದೂ, ಅದರಲ್ಲೊಬ್ಬರ ರಕ್ತದಿಂದ ಹೆಪಟೈಟಿಸ್ ‘ಬಿ’ ತಮ್ಮ ದೇಹವನ್ನು ಹೊಕ್ಕಿತೆಂದೂ ಅವರೇ ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. ಸುಮಾರು ಎರಡು ದಶಕಗಳ ಕಾಲ ಅವರಿಗೆ ಅದರ ಸುಳಿವೇ ಇರಲಿಲ್ಲ. ಚಿತ್ರಗಳಲ್ಲಿ ನಟಿಸಿದರು, ಹಾಡಿದರು, ಕುಣಿದರು. ಸಾಮಾನ್ಯವಾದ ಒಂದು ತಪಾಸಣೆಯಲ್ಲಿ ಯಕೃತ್ತಿನ ಶೇ. 75 ಭಾಗ ಕೆಟ್ಟುಹೋಗಿದೆಯೆಂದು ಕಂಡುಬಂದಿತು. ಉಳಿದ ಶೇ. 25ರಲ್ಲಿ ತಾವು ಬದುಕುತ್ತಿರುವುದಾಗಿ ಹೇಳುವ ಅವರನ್ನು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಆಗ್ನೇಯ ಏಷ್ಯ ವಲಯಕ್ಕೆ ಹೆಪಟೈಟಿಸ್ ಜಾಗೃತಿಯ ರಾಯಭಾರಿಯನ್ನಾಗಿ ನೇಮಿಸಿತು.

ಈ ಪ್ರಸಂಗದಲ್ಲಿ ನಮ್ಮ ವಾಚಕರು ಮನಸ್ಸಿನಲ್ಲಿಡತಕ್ಕ ಸಂಗತಿ ನಟನ ಖ್ಯಾತಿಯಲ್ಲ, ಆ ಎರಡು ದಶಕಗಳ ಮೌನ. ನೋವಿಲ್ಲ, ಆದುದರಿಂದ ರೋಗವಿಲ್ಲ ಎಂಬ ತರ್ಕ ಹೆಪಟೈಟಿಸ್ ‘ಬಿ’ಯ ವಿಷಯದಲ್ಲಿ ನಿಲ್ಲುವುದಿಲ್ಲ.

ವಿಷಾಣುವಿನ ಶೋಧವೇ ಒಂದು ಆಕಸ್ಮಿಕ. ಅಮೆರಿಕದ ಬರೂಕ್ ಬ್ಲುಂಬರ್ಗ್ ಎಂಬ ವಿಜ್ಞಾನಿಯು ಜಗತ್ತಿನ ನಾನಾ ಜನರ ರಕ್ತವನ್ನು ಹೋಲಿಸಿ ನೋಡುತ್ತಿದ್ದಾಗ, ಆಸ್ಟ್ರೇಲಿಯದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಅಪರಿಚಿತವಾದ ಒಂದು ವಸ್ತು ಕಂಡಿತು. 1965ರಲ್ಲಿ ಪ್ರಕಟವಾದ ಆ ಶೋಧಕ್ಕೆ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಾಯಿತು. ಇಂದು ನಮ್ಮ ಚೀಟಿಯಲ್ಲಿ ಎಚ್.ಬಿ.ಎಸ್.ಎ.ಜಿ. ಎಂದು ಬರೆಯುವುದು ಇದನ್ನೇ. 1976ರಲ್ಲಿ ಬ್ಲುಂಬರ್ಗರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವರು ಹುಟ್ಟಿದ ಜುಲೈ 28ನ್ನು ಜಗತ್ತು ಹೆಪಟೈಟಿಸ್ ದಿನವಾಗಿ ಆಚರಿಸುತ್ತದೆ. ನಮ್ಮ ಕೇಂದ್ರ ಸರಕಾರವು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು 2018ರಲ್ಲಿ ಆರಂಭಿಸಿದ್ದೂ ಅದೇ ದಿನ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 2022ರಲ್ಲಿ ಭಾರತದಲ್ಲಿ ಸುಮಾರು 2 ಕೋಟಿ 98 ಲಕ್ಷ ಮಂದಿ ಈ ವಿಷಾಣುವನ್ನು ಹೊತ್ತಿದ್ದರು. ಚೀಟಿ ಕೈಗೆ ಬಂದವನು ತಾನೊಬ್ಬನೇ ಎಂದು ಕುಗ್ಗಬೇಕಾದುದಿಲ್ಲ.

ಹೊಟ್ಟೆಯ ಮಾತು

ಹೋಟೆಲು ನೌಕರರ ಹೊಟ್ಟೆ ಸದಾ ದೂರು ಹೇಳುವಂಥದು. ಗಿರಾಕಿಗಳೆಲ್ಲ ಉಂಡ ಮೇಲೆ ಮೂರೂವರೆಗೆ ತನ್ನ ಊಟ, ಮುಂಜಾನೆ ಐದಕ್ಕೆ ಬರಿ ಹೊಟ್ಟೆಗೆ ಕಡು ಚಹಾ, ರಾತ್ರಿ ಬಾಗಿಲು ಹಾಕಿದ ಮೇಲೆ ಉಳಿದ ಸಾರು ಅನ್ನ ಉಂಡು ಕೂಡಲೆ ಅಡ್ಡಾಗುವುದು. ಇಂಥವರಿಗೆ ಎದೆಯುರಿ, ಹುಳಿತೇಗು ಬಾರದಿದ್ದರೆ ಆಶ್ಚರ್ಯ. ಆದುದರಿಂದ ರಕ್ತದ ಚೀಟಿ ಬಂದ ಬಳಿಕ ಹೊಟ್ಟೆಯ ಪ್ರತಿಯೊಂದು ನೋವನ್ನೂ ಹೆಪಟೈಟಿಸ್ಸಿನ ತಲೆಗೆ ಕಟ್ಟುವುದೂ ತಪ್ಪು, ಪ್ರತಿಯೊಂದನ್ನೂ ‘ಗ್ಯಾಸ್’ ಎಂದು ಸೋಡಾ ಕುಡಿದು ಮರೆಯುವುದೂ ತಪ್ಪು.

ಯಕೃತ್ತು ಇರುವುದು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ. ಅದರ ಒಡಲಿಗೆ ನೋವಿನ ಅರಿವು ಇಲ್ಲವೆನ್ನಬಹುದು; ಅದನ್ನು ಹೊದೆದಿರುವ ತೆಳುವಾದ ಪೊರೆಯು ಊತದಿಂದ ಬಿಗಿದಾಗ ಮಾತ್ರ ಬಲಪಕ್ಕೆಯ ಕೆಳಗೆ ಒಂದು ಮಂದವಾದ ಭಾರ, ಒತ್ತಿದಂಥ ನೋವು ತೋರುತ್ತದೆ. ಇದರೊಡನೆ ಊಟ ಸೇರದಿರುವುದು, ಓಕರಿಕೆ, ವಿಪರೀತ ಆಯಾಸ, ಚಹಾದ ಡಿಕಾಕ್ಷನ್ನಿನಂಥ ಗಾಢ ಬಣ್ಣದ ಮೂತ್ರ, ಕಣ್ಣಿನ ಹಳದಿ ಕಂಡರೆ ಯಕೃತ್ತು ಉರಿಗೊಂಡಿದೆಯೆಂದು ಶಂಕಿಸಬೇಕು. ಊಟದ ಹಿಂದೆಯೇ ಬಲಮೇಲ್ಹೊಟ್ಟೆಯಲ್ಲಿ ಹಿಂಡಿದಂತಾಗಿ ಬೆನ್ನಿಗೋ ಹೆಗಲಿಗೋ ಏರುವ ತೀವ್ರವಾದ ನೋವು ಪಿತ್ತಕೋಶದ ಕಲ್ಲಿನದಿರಬಹುದು. ನಡು ಹೊಟ್ಟೆಯ ಉರಿ ಜಠರದ ಹುಣ್ಣಿನದಿರಬಹುದು. ಇವನ್ನು ಬೇರ್ಪಡಿಸುವುದು ವೈದ್ಯರ ಕೆಲಸ. ಒಂದು ಸೋನೋಗ್ರಫಿ ಮತ್ತು ಒಂದೆರಡು ರಕ್ತಪರೀಕ್ಷೆಗಳಿಂದ ಬಹಳಷ್ಟು ತಿಳಿಯುತ್ತದೆ.

ತಡಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಬೇಕಾದ ಲಕ್ಷಣಗಳು ಕೆಲವಿವೆ. ಹೊಟ್ಟೆ ನೀರು ತುಂಬಿದ ಕೊಡದಂತೆ ಉಬ್ಬುವುದು ಮತ್ತು ಕಾಲು ಬಾತುಕೊಳ್ಳುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ, ಹಗಲು ನಿದ್ದೆಯ ಮಂಪರು, ರಾತ್ರಿ ಎಚ್ಚರ, ಮಾತಿನಲ್ಲಿ ಗೊಂದಲ. ಖೋಲಿಯ ಜತೆಗಾರರು ಇದನ್ನು ಕುಡಿದವನ ವರ್ತನೆಯೆಂದು ಬಗೆದು ಸುಮ್ಮನಾಗುವುದುಂಟು. ಅದು ಯಕೃತ್ತು ಸೋತಾಗ ಮಿದುಳಿಗೆ ಏರುವ ವಿಷದ ಪರಿಣಾಮವಾಗಿರಬಹುದು.

ಚೀಟಿ ಬಂದ ಮೇಲೆ

ಒಂದು ಸಲ ‘ರಿಯಾಕ್ಟಿವ್’ ಎಂದು ಬಂದ ಮಾತ್ರಕ್ಕೆ ರೋಗ ಶಾಶ್ವತವೆಂದು ತಿಳಿಯಬಾರದು. ಪ್ರಾಯಕ್ಕೆ ಬಂದ ಮೇಲೆ ತಗಲಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ದೇಹವು ಆರು ತಿಂಗಳೊಳಗಾಗಿ ವಿಷಾಣುವನ್ನು ತಾನೇ ಹೊರಗಟ್ಟುತ್ತದೆ. ಆರು ತಿಂಗಳ ಬಳಿಕವೂ ಉಳಿದಿದ್ದರೆ ಅದು ದೀರ್ಘಕಾಲದ್ದು. ಹುಟ್ಟುವಾಗಲೇ ತಾಯಿಯಿಂದ ಪಡೆದ ಶಿಶುಗಳ ಲೆಕ್ಕ ಇದಕ್ಕೆ ತಲೆಕೆಳಗು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಅದು ಉಳಿದುಬಿಡುತ್ತದೆ. ಇಂದು ಮುವ್ವತ್ತು ನಲ್ವತ್ತರ ಪ್ರಾಯದಲ್ಲಿ ಚೀಟಿ ಪಡೆದು, ‘ನಾನು ಯಾವ ಪಾಪ ಮಾಡಿದ್ದೆ’ ಎಂದು ಹಲುಬುವವರಲ್ಲಿ ಅನೇಕರು ಅದನ್ನು ತೊಟ್ಟಿಲಿನಿಂದಲೇ ತಂದವರು.

ಮುಂದಿನ ಪರೀಕ್ಷೆಗಳು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತವೆ. ರಕ್ತದಲ್ಲಿ ವಿಷಾಣುವಿನ ಪ್ರಮಾಣ ಎಷ್ಟು, ಅದನ್ನು ಡಿ.ಎನ್.ಎ. ಪರೀಕ್ಷೆ ಹೇಳುತ್ತದೆ. ಯಕೃತ್ತು ಈಗ ಉರಿಯುತ್ತಿದೆಯೇ, ಅದಕ್ಕೆ ಎಸ್.ಜಿ.ಪಿ.ಟಿ. ಈವರೆಗೆ ಎಷ್ಟು ಗಡುಸಾಗಿದೆ, ಅದಕ್ಕೆ ಸೋನೋಗ್ರಫಿ ಮತ್ತು ಫೈಬ್ರೊಸ್ಕ್ಯಾನ್. ಇವುಗಳ ಮೇಲೆ ವೈದ್ಯರು ಔಷಧ ಬೇಕೇ ಬೇಡವೇ ಎಂದು ನಿರ್ಣಯಿಸುತ್ತಾರೆ. ಎಲ್ಲರಿಗೂ ಕೂಡಲೆ ಬೇಕಾಗುವುದಿಲ್ಲ. ಆದರೆ ಔಷಧ ಬೇಡವೆಂದರೆ ತಪಾಸಣೆಯೂ ಬೇಡವೆಂದು ಅರ್ಥವಲ್ಲ. ಇಂದು ನಿದ್ರಿಸುತ್ತಿರುವ ವಿಷಾಣು ಮುಂದೆಂದೋ ಎಚ್ಚರಗೊಳ್ಳಬಹುದು. ಯಕೃತ್ತು ಗಡುಸಾಗದಿದ್ದರೂ ಕೆಲವರಲ್ಲಿ ಅರ್ಬುದ ಹುಟ್ಟುವುದುಂಟು. ಹಾಗಾಗಿ ಆರು ತಿಂಗಳಿಗೊಮ್ಮೆ ವೈದ್ಯರ ಮುಂದೆ ನಿಲ್ಲುವುದನ್ನು ಮನೆಗೆ ಹಣ ಕಳುಹಿಸುವಷ್ಟೇ ನಿಯಮದಿಂದ ಪಾಲಿಸಬೇಕು.

ಔಷಧ ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್, ದಿನಕ್ಕೊಂದು ಗುಳಿಗೆ. ಇವು ವಿಷಾಣುವನ್ನು ಬೇರುಸಹಿತ ಕೀಳುವುದು ಅಪರೂಪ. ಅದರ ಸಂತಾನವನ್ನು ತಡೆದು ಯಕೃತ್ತನ್ನು ಕಾಪಾಡುತ್ತವೆ. ವರ್ಷಾನುಗಟ್ಟಲೆ, ಕೆಲವರಿಗೆ ಜೀವಮಾನವಿಡೀ, ತೆಗೆದುಕೊಳ್ಳಬೇಕು. ಮೂರು ತಿಂಗಳಲ್ಲಿ ಮೈ ಹಗುರಾಯಿತೆಂದು ಗುಳಿಗೆ ನಿಲ್ಲಿಸಿದವರಲ್ಲಿ ವಿಷಾಣು ಹೆಡೆಯೆತ್ತಿ ಪ್ರಾಣಕ್ಕೇ ಎರವಾಗಬಹುದು. ರಾಷ್ಟ್ರೀಯ ಕಾರ್ಯಕ್ರಮದ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಈ ಔಷಧಗಳೂ ಉಚಿತ. ಸಯನ್ ಆಸ್ಪತ್ರೆಯಲ್ಲಿ ಜಠರ, ಯಕೃತ್ತುಗಳ ರೋಗಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಮೊದಲು ಮೆಡಿಸಿನ್ ವಿಭಾಗದ ಹೊರರೋಗಿ ಸಾಲಿನಲ್ಲಿ ಕೇಸ್ ಪೇಪರ್ ಮಾಡಿಸಿ, ಹಳೆಯ ಚೀಟಿಯನ್ನು ಅಡಗಿಸದೆ ತೋರಿಸಿ ಕೇಳಬೇಕು. ಸಂಬಳದಲ್ಲಿ ಇ.ಎಸ್.ಐ. ಕಡಿತವಾಗುವವರಿಗೆ ಆ ಆಸ್ಪತ್ರೆಗಳ ಹಕ್ಕೂ ಇದೆ. ಖಾಸಗಿ ದವಾಖಾನೆಯ ಖರ್ಚಿಗೆ ಹೆದರಿ ರೋಗವನ್ನು ಮನೆಯಲ್ಲಿಟ್ಟುಕೊಳ್ಳುವ ಕಾರಣ ಇಂದು ಉಳಿದಿಲ್ಲ.

ಇನ್ನು ನಮ್ಮ ಊರಿನ ಮದ್ದುಗಳ ಮಾತು. ಕಾಮಾಲೆಯೆಂದರೆ ನೆಲನೆಲ್ಲಿಯನ್ನು ಹಾಲಿನಲ್ಲಿ ಅರೆದು ಕುಡಿಸುವುದು ತಲೆಮಾರುಗಳ ರೂಢಿ. ಇದನ್ನು ಹಾಸ್ಯ ಮಾಡುವುದು ನಮ್ಮ ಉದ್ದೇಶವಲ್ಲ. ವಿಜ್ಞಾನವೂ ಮಾಡಲಿಲ್ಲ. ಮದರಾಸಿನ ಸಂಶೋಧಕರು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ನೆಲನೆಲ್ಲಿ ಕೊಟ್ಟ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ‘ಬಿ’ಯ ಕುರುಹು ಮಾಯವಾಯಿತೆಂದೂ, ಹುಸಿಮದ್ದು ಕೊಟ್ಟ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತೆಂದೂ ಪ್ರಕಟಿಸಿದರು. ಆ ಲೇಖನದ ಕರ್ತೃಗಳಲ್ಲಿ ಬ್ಲುಂಬರ್ಗರೂ ಒಬ್ಬರು. ದೊಡ್ಡ ಆಸೆ ಹುಟ್ಟಿತು. ಆದರೆ ಬೇರೆಡೆಗಳಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಹಾಗಾದರೆ ಊರಿನಲ್ಲಿ ಇಷ್ಟು ಮಂದಿಗೆ ಗುಣವಾಗುವುದು ಹೇಗೆ? ‘ಎ’ ಮತ್ತು ‘ಇ’ ಕಾಮಾಲೆಗಳು ಬಹುತೇಕ ತಾವಾಗಿ ಇಳಿಯುವಂಥವು. ಪ್ರಾಯದವರ ಹೊಸ ‘ಬಿ’ಯೂ ಹೆಚ್ಚಾಗಿ ತಾನಾಗಿ ಇಳಿಯುತ್ತದೆ. ಇಳಿದ ಕೀರ್ತಿ ಮದ್ದಿಗೆ ಸಲ್ಲುತ್ತದೆ. ಕಣ್ಣಿನ ಹಳದಿ ಹೋಯಿತೆಂದು ಮದ್ದಿನವರು ಬಿಟ್ಟುಬಿಟ್ಟ ರೋಗಿಯ ಒಳಗೆ ವಿಷಾಣು ಉಳಿದಿದೆಯೇ ಎಂದು ನೋಡುವವರು ಯಾರು?

ಅಮೃತಬಳ್ಳಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಕೋವಿಡ್ ಕಾಲದಲ್ಲಿ ಅದರ ಕಷಾಯವನ್ನು ಮನೆಮನೆಗಳಲ್ಲಿ ಕುಡಿದರು. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು, ಅದನ್ನು ಸೇವಿಸಿದ ಬಳಿಕ ಯಕೃತ್ತು ಕೆಟ್ಟ ಆರು ರೋಗಿಗಳ ವಿವರವನ್ನು ಪ್ರಕಟಿಸಿದರು. ಕೇಂದ್ರದ ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಮೊದಲೇ ‘ಬಿ’ ಹೊತ್ತ ಯಕೃತ್ತಿನ ಮೇಲೆ ಗೊತ್ತಿಲ್ಲದ ಕಷಾಯವನ್ನು ಪ್ರಯೋಗಿಸುವುದು ವಿವೇಕವಲ್ಲ. ತೋಳಿಗೆ ಬರೆ ಹಾಕಿಸುವುದರಿಂದ ಗಾಯವೊಂದೇ ಲಾಭ. ಅರಸಿನ ಬಿಟ್ಟ ಸಪ್ಪೆ ಗಂಜಿಯ ಪಥ್ಯಕ್ಕೂ ಆಧಾರವಿಲ್ಲ. ಹೊಟ್ಟೆಯಲ್ಲಿ ನೀರು ಸೇರಿದವರು ಮಾತ್ರ ಉಪ್ಪು ಕಡಮೆ ಮಾಡಬೇಕು. ಉಳಿದವರು ಎಲ್ಲರಂತೆ ಹಿತಮಿತವಾಗಿ ಉಣ್ಣಬಹುದು. ಬಿಡಬೇಕಾದುದು ಮದ್ಯ, ಅದೂ ಪೂರ್ತಿಯಾಗಿ. ದಿನವಿಡೀ ನಿಂತು ಸೊಂಟ ನೊಂದ ಮಾಣಿಗಳು ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ನೋವಿನ ಗುಳಿಗೆಗಳನ್ನೂ ವೈದ್ಯರನ್ನು ಕೇಳದೆ ನುಂಗಬಾರದು; ಗಡುಸಾದ ಯಕೃತ್ತಿನವರಿಗೆ ಅವುಗಳಿಂದ ರಕ್ತಸ್ರಾವ, ಮೂತ್ರಪಿಂಡದ ಕೇಡು ಆಗಬಹುದು.

ತಗಲದವರಿಗೆ ಲಸಿಕೆಯಿದೆ. ಮೊದಲ ದಿನ ಒಂದು, ತಿಂಗಳ ಮೇಲೆ ಒಂದು, ಆರನೆಯ ತಿಂಗಳಿಗೆ ಇನ್ನೊಂದು, ಹೀಗೆ ಮೂರು ಚುಚ್ಚುಮದ್ದು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಇದನ್ನು ದೇಶದಲ್ಲಿಯೇ ತಯಾರಿಸಿದ ಮೇಲೆ ಬೆಲೆ ಸಾಮಾನ್ಯರ ಕೈಗೆಟಕುವಂತಾಯಿತು. ಮಕ್ಕಳ ಸರಕಾರಿ ಲಸಿಕೆಗಳಲ್ಲಿ ಇದು ದೇಶವ್ಯಾಪಿಯಾಗಿ ಸೇರಿದ್ದು 2011ರ ಹೊತ್ತಿಗೆ. ಆದುದರಿಂದ ಇಂದು ಗಲ್ಲೆಯ ಮೇಲೆ, ಒಲೆಯ ಮುಂದೆ, ಕಚೇರಿಯ ಮೇಜಿನ ಹಿಂದೆ ಇರುವ ನಮ್ಮ ಬಹುಮಂದಿ ಪ್ರಾಯದವರಿಗೆ ಈ ರಕ್ಷಣೆ ಸಿಕ್ಕಿರಲಾರದು. ಮಧುಮೇಹಕ್ಕೂ ಕಣ್ಣಿಗೂ ಉಚಿತ ಶಿಬಿರ ನಡೆಸುವ ನಮ್ಮ ಸಂಘಗಳು, ಅದೇ ಮೇಜಿನ ಮೇಲೆ ಈ ಒಂದು ಪರೀಕ್ಷೆಯನ್ನೂ ಇಟ್ಟು, ಫಲಿತಾಂಶವನ್ನು ಆಯಾ ವ್ಯಕ್ತಿಗೆ ಮಾತ್ರ ಮುಚ್ಚಿದ ಲಕೋಟೆಯಲ್ಲಿ ಕೊಡುವ ಏರ್ಪಾಡು ಮಾಡಬಾರದೇ?

ಚೀಟಿ ಬಂದವನು ತನ್ನ ಹೆಂಡತಿಯನ್ನೂ ಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯಬೇಕು, ಅವರು ಊರಿನಲ್ಲಿದ್ದರೂ ಸರಿಯೆ. ಒಡಹುಟ್ಟಿದವರಿಗೂ ತಿಳಿಸಬೇಕು, ಒಬ್ಬ ತಾಯಿಯ ಮಕ್ಕಳಲ್ಲಿ ಒಬ್ಬರಿಗಿದ್ದರೆ ಉಳಿದವರಿಗೂ ಇರುವ ಸಂಭವ ಹೆಚ್ಚು. ಗರ್ಭಿಣಿಗೆ ಇದ್ದರೆ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಶಿಶುವಿಗೆ 24 ಗಂಟೆಯೊಳಗೆ ಮೊದಲ ಲಸಿಕೆಯೂ, ಜತೆಯಲ್ಲಿ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುಮದ್ದೂ ಬೀಳಬೇಕು. ಎದೆಹಾಲು ಕುಡಿಸಲು ಯಾವ ಅಡ್ಡಿಯೂ ಇಲ್ಲ.

ಮೇ ತಿಂಗಳ ರಜೆಗೋ ಊರ ಜಾತ್ರೆಗೋ ಹೊರಡುವವರು ಗುಳಿಗೆಗಳನ್ನು ದಿನ ಎಣಿಸಿ, ಮೇಲೆ ಹತ್ತು ದಿನದ್ದು ಹೆಚ್ಚಾಗಿಯೇ ಕಟ್ಟಿಕೊಳ್ಳಬೇಕು. ರೈಲು, ಬಸ್ಸು, ಮದುವೆ ಮನೆಗಳಿಂದಾಗಿ ಮರಳುವ ದಿನ ಮುಂದೆ ಹೋಗುವುದು ನಮ್ಮಲ್ಲಿ ಸಹಜ. ಕೇಸ್ ಪೇಪರಿನ ಮತ್ತು ಕೊನೆಯ ರಕ್ತಪರೀಕ್ಷೆಯ ಒಂದೊಂದು ಪ್ರತಿ ಚೀಲದಲ್ಲಿರಲಿ. ಗುಳಿಗೆ ಮುಗಿದರೆ ಅವನ್ನು ತೋರಿಸಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.